ಹನ್ನೊಂದು ಮುಳ್ಳು

ತೋಟದ ಶೆಡ್ಡಿನ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದ ಆ ಗಾಯದ ಪುಸ್ತಕದ ಕಾನೂನು ಮಾಡಿದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ನಾನು ನಗರದ ಆರೋಗ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಜನ ಸೇರಿಕೊಂಡು ತರಕಾರಿ ಬೆಳೆಯುವ ಸಮುದಾಯ ತೋಟಗಳು ನನ್ನ ವಾರ್ಡಿನಲ್ಲಿ ಏಳು ಇವೆ. ಎರಡು ವರ್ಷದ ಹಿಂದೆ ಅವುಗಳಲ್ಲೊಂದರಲ್ಲಿ, ಅಂದರೆ ನನ್ನ ಅಕ್ಕ ಪಾತಿ ಮಾಡಿಕೊಂಡಿದ್ದ ತೋಟದಲ್ಲೇ, ಕಾವಲುಗಾರನ ಹೆಂಡತಿ ಇಲಿಜ್ವರ ಬಂದು ಸತ್ತಳು. ಇಲಿ ಉಚ್ಚೆ ಹೊಯ್ದ ನೀರಿನಲ್ಲಿ ಬರಿಗಾಲಲ್ಲಿ ನಿಂತು ಸೊಪ್ಪು ತೊಳೆದಿದ್ದಳು. ಹಿಮ್ಮಡಿ ಒಡೆದಿತ್ತು. ಹತ್ತೇ ದಿನಕ್ಕೆ ಹೋದಳು.

ಆ ಸಿಟ್ಟಿನಲ್ಲಿ ಕೂತು ಒಂದೇ ಉಸಿರಿಗೆ ಬರೆದ ಆದೇಶ ಅದು. ತೋಟದಲ್ಲಿ ಯಾರಿಗೆ ಏನೇ ಗಾಯವಾದರೂ ಪುಸ್ತಕದಲ್ಲಿ ಬರೆಯಬೇಕು. ಪ್ರಾಣಿ ಕಚ್ಚಿದರೆ, ಪರಚಿದರೆ, ಒಳಗೆ ಸತ್ತು ಬಿದ್ದರೆ ಅದನ್ನೂ ಬರೆಯಬೇಕು. ವರ್ಷದಲ್ಲಿ ಪ್ರಾಣಿಯ ಅಂಥ ಮೂರು ದಾಖಲೆ ಬಿದ್ದರೆ ತೋಟಕ್ಕೆ ಆರು ತಿಂಗಳು ಬೀಗ, ಮೂಲೆಮೂಲೆಗೂ ವಿಷ. ಮೇಲಿನವರು ಓದಿ, ‘ಭೇಷ್, ಎಲ್ಲ ತೋಟಕ್ಕೂ ಇದನ್ನೇ ಹಾಕಿ’ ಎಂದರು. ನಾನು ಉಬ್ಬಿಹೋದೆ. ಹೆದರಿಸಿದರೆ ಜನ ಚೊಕ್ಕಟವಾಗಿರುತ್ತಾರೆ ಎಂದು ನಂಬಿದ್ದೆ. ಹೆದರಿಸಿದರೆ ಜನ ಸುಳ್ಳು ಹೇಳುತ್ತಾರೆ ಅನ್ನುವುದು ಸಣ್ಣ ಮಕ್ಕಳಿಗೂ ಗೊತ್ತು. ಇಪ್ಪತ್ತೆಂಟು ವರ್ಷ ನೌಕರಿ ಮಾಡಿದ ನನಗೆ ಮಾತ್ರ ಹೊಳೆಯಲಿಲ್ಲ.

ಅಕ್ಕ ದರ್ಜಿ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು, ಶಾಲೆಯಲ್ಲಿ ಹೊಡೆಸಿಕೊಂಡು ಬಂದಾಗ ನನ್ನ ಪರ ಜಗಳಕ್ಕೆ ಹೋದವಳು ಅವಳೇ. ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಗೋಡೆಗೆ ಒಂದು ಮಂಚ, ನಡುವೆ ಕಾಲಿಡಲೂ ಬಿಡದಷ್ಟು ಬಟ್ಟೆಯ ಚೂರು. ಭಾವ ತೀರಿಕೊಂಡ ವರ್ಷ, ‘ನೀನು ಹೀಗೇ ಯಂತ್ರದ ಮುಂದೆ ಗೂನು ಬೀಳ್ತೀಯ’ ಎಂದು ಬೈದು ತೋಟಕ್ಕೆ ಸೇರಿಸಿದ್ದೂ ನಾನೇ. ಎಲ್ಲವೂ ನಾನೇ.

ತೋಟವೆಂದರೆ ದೊಡ್ಡದೇನಲ್ಲ. ಬಸ್ ಡಿಪೋದ ಹಿಂದೆ, ಗೋದಾಮು ಕೆಡವಿ ಬಿಟ್ಟ ಜಾಗ. ಮಣ್ಣಿಗಿಂತ ಇಟ್ಟಿಗೆಪುಡಿ ಹೆಚ್ಚು. ಅದರಲ್ಲಿ ನಲವತ್ತು ಪಾತಿ, ಒಂದು ನೀರಿನ ತೊಟ್ಟಿ, ಕಸ ಕೊಳೆಸುವ ಗುಂಡಿ. ಹದಿನಾಲ್ಕನೇ ಪಾತಿ ಅಕ್ಕನದು: ಬೀನ್ಸ್, ಬೆಂಡೆ, ಒಂದಿಷ್ಟು ಸೊಪ್ಪು. ತೋಟದ ಕಾರ್ಯದರ್ಶಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅಲ್ಲಿ ಕಂಡ ಹಕ್ಕಿ, ಚಿಟ್ಟೆ, ಕಪ್ಪೆ, ಜೇಡ ಒಂದೊಂದನ್ನೂ ಬಿಡದೆ ಚಿತ್ರ ಬರೆದು ಶೆಡ್ಡಿನ ಗೋಡೆಗೆ ಅಂಟಿಸುತ್ತಿದ್ದರು. ನಾನು ಹೋದಾಗಲೆಲ್ಲ, ‘ನೋಡಿ ಇನ್‌ಸ್ಪೆಕ್ಟರಮ್ಮ, ನಮ್ಮ ಮನೆಯವರು ಇನ್ನೂ ಮೂರು ಜನ ಹೆಚ್ಚಾದ್ರು’ ಎನ್ನುತ್ತಿದ್ದರು.

ಹೋದ ವರ್ಷ ರೈಲು ಹಳಿಯ ಕಡೆಯಿಂದ ಒಂದು ಹೆಣ್ಣು ನರಿ ಬಂದು ಬೇಲಿಯ ಬುಡದಲ್ಲಿ ಬಿಲ ತೋಡಿತು. ಬಣ್ಣ ನೋಡಿ ಕೆಂಚಿ ಎಂದು ಹೆಸರಿಟ್ಟರು. ಎರಡೇ ತಿಂಗಳಲ್ಲಿ ತೋಟದಲ್ಲಿ ಇಲಿಯ ಹಿಕ್ಕೆ ಕಾಣದಂತಾಯಿತು. ‘ನಿಮ್ಮ ಇಲಾಖೆ ಬೋನು ನೋಡಿ ನಗ್ತಿದ್ದ ಇಲಿಗಳು, ಕೆಂಚಿ ನೋಡಿ ಊರೇ ಬಿಟ್ವು’ ಎಂದು ಮೇಷ್ಟ್ರು ಚುಚ್ಚಿದರು. ಬೆಳಿಗ್ಗೆ ನರಿ ಮುಖ ನೋಡಿದರೆ ಅದೃಷ್ಟವಲ್ಲವೇ, ಕೆಲವು ಹೆಂಗಸರು ಬೆಳಕು ಹರಿಯುವ ಹೊತ್ತಿಗೇ ನೀರು ಹಾಕುವ ನೆಪದಲ್ಲಿ ಬಂದು ನಿಲ್ಲುತ್ತಿದ್ದರು. ಅಕ್ಕ ನನಗೆ ಫೋನು ಮಾಡಿ, ‘ಇವತ್ತು ಮುಖ ತೋರಿಸಿದ್ಲು ಕಣೇ, ಕತ್ತರಿ ಹಾಕಿದ ಬಟ್ಟೆ ಒಂದೂ ತಪ್ಪಲಿಲ್ಲ’ ಎಂದು ಹೇಳುತ್ತಿದ್ದಳು. ನಿಯಮದ ಪ್ರಕಾರ ನಾನು ಅರಣ್ಯದವರಿಗೆ ತಿಳಿಸಿ ನರಿಯನ್ನು ಹಿಡಿಸಬೇಕಿತ್ತು. ಇಲಿ ಇಲ್ಲದ ತೋಟ ಎಂದು ನನ್ನ ವರದಿಯಲ್ಲಿ ಬರೆಯುವುದು ಹಿತವಾಗಿತ್ತು. ಸುಮ್ಮನಾದೆ.

ಹೀಗಿರುವಾಗ ತಿಂಗಳ ತಪಾಸಣೆಗೆ ಹೋದ ಒಂದು ದಿನ ಅಕ್ಕನ ಬಲಗೈ ಹೆಬ್ಬೆರಳಿನ ಬುಡಕ್ಕೆ ಪಟ್ಟಿ ಕಟ್ಟಿತ್ತು. ಕೋಟಿನ ಒಳಬಟ್ಟೆಯ ಚೂರು, ಅಚ್ಚುಕಟ್ಟಾಗಿ ಹೊಲಿಗೆ ಹಾಕಿ ನಿಲ್ಲಿಸಿದ್ದಳು. ದರ್ಜಿಯ ಬುದ್ಧಿ, ಗಂಟು ಹಾಕುವುದಿಲ್ಲ.

“ಏನಾಯ್ತೇ ಕೈಗೆ?” ಎಂದೆ.

“ಬದನೆ ಮುಳ್ಳು. ಬರ್ದಿದೀನಿ ನೋಡು ನಿನ್ನ ಪುಸ್ತಕದಲ್ಲಿ. ಮುಳ್ಳಿಗೂ ಬೀಗ ಹಾಕ್ತೀಯೇನು?”

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಶೆಡ್ಡಿಗೆ ಹೋಗಿ ಪುಸ್ತಕ ತೆರೆದೆ. ಆ ವರ್ಷದ್ದು ಎರಡು ದಾಖಲೆ ಆಗಲೇ ಬಿದ್ದಿದ್ದವು, ಬೀದಿನಾಯಿ ಕಚ್ಚಿದ್ದು ಒಂದು, ಕೆಂಚಿ ಬರುವ ಮೊದಲು ಇಲಿ ಕಚ್ಚಿದ್ದು ಒಂದು. ಇನ್ನೊಂದು ಬಿದ್ದರೆ ಬೀಗ. ಅವುಗಳ ಕೆಳಗೆ ಅಕ್ಕನ ದುಂಡು ಅಕ್ಷರ: ‘ಪಾತಿ ಹದಿನಾಲ್ಕು. ಬದನೆ ಮುಳ್ಳು ಚುಚ್ಚಿತು.’

ಅಕ್ಕ ಬದನೆ ಬೆಳೆಯುವುದಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಬದನೆ ಆಗುವುದಿಲ್ಲ, ತುಟಿ ನವೆಯಾಗಿ ಊದುತ್ತದೆ. ಇದು ನನಗೆ ಗೊತ್ತು. ಪಕ್ಕದ ಪಾತಿಯವರಿಗೆ ಸಹಾಯ ಮಾಡಲು ಹೋಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ಹಸಿರು ಶಾಯಿಯಲ್ಲಿ ಸಹಿ ಹಾಕಿದೆ. ಪಟ್ಟಿ ಬಿಚ್ಚು, ನೋಡೋಣ ಎಂದು ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಬೀಗ ನಾನೇ ಹಾಕಬೇಕಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ. ಈಗ ಬೇರೆ ಕಾರಣ ಹುಡುಕುವುದಿಲ್ಲ.

ಐದು ವಾರವಾಯಿತು. ಒಂದು ಮಧ್ಯಾಹ್ನ ಕಚೇರಿಗೆ ಅಕ್ಕನ ಫೋನು.

“ಕೈ ಜುಮುಜುಮು ಅಂತಿದೆ ಕಣೇ. ಭುಜದ ತನಕ ಇರುವೆ ಹರಿದ ಹಾಗೆ. ಸೂಜಿ ಹಿಡಿಯೋಕಾಗ್ತಿಲ್ಲ. ಎರಡು ದಿನದಿಂದ ಜ್ವರ ಬೇರೆ.”

ಮಾತ್ರೆ ತಗೊಂಡು ಮಲಗು, ಸಂಜೆ ಬರ್ತೀನಿ ಎನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ. ಹೆಬ್ಬೆರಳಿನ ಬುಡ ನೆನಪಾಯಿತು. ಆಟೋ ಹಿಡಿದು ಹೋದೆ.

ಹೊರಗೆ ಸುಡುವ ಬಿಸಿಲು. ಅಕ್ಕನ ಕೋಣೆಯ ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು. ಮಂಚದ ಮೂಲೆಯಲ್ಲಿ ಮೊಣಕಾಲು ಅವುಚಿಕೊಂಡು ಬೆವರುತ್ತ ಕೂತಿದ್ದಳು. ನೆಲದ ಮೇಲೆ ತುಂಬಿದ ನೀರಿನ ಲೋಟ. ನಾನು ಗಾಳಿಗೆ ಫ್ಯಾನು ಹಾಕಿದೆ. ಅಕ್ಕನ ಕತ್ತು ಸೆಟೆದು, ಮುಖ ಕಿವುಚಿಕೊಂಡಿತು.

“ಆರಿಸೇ, ಆರ್ಸು! ಗಾಳಿ ಬಿದ್ರೆ ಗಂಟಲು ಹಿಡಿಯುತ್ತೆ.”

ಆರಿಸಿದೆ. ನೆಲದ ಲೋಟ ಎತ್ತಿ ಅವಳ ಕೈಗಿಟ್ಟೆ. “ಒಂದು ಗುಟುಕು ನೀರು ಕುಡಿ ಅಕ್ಕ. ನನ್ನ ಮುಂದೆ ಕುಡಿ.”

ಲೋಟ ತುಟಿಯ ಹತ್ತಿರ ಬಂತು. ಅಷ್ಟೇ. ಗಂಟಲು ಒಳಗಿನಿಂದ ಯಾರೋ ಹಿಡಿದೆಳೆದಂತೆ ಕುಣಿಯಿತು, ಲೋಟ ಹಾರಿ ಯಂತ್ರಕ್ಕೆ ಬಡಿಯಿತು. ಅಕ್ಕ ಬೆಚ್ಚಿ ನನ್ನನ್ನೇ ನೋಡಿದಳು. ಇನ್‌ಸ್ಪೆಕ್ಟರ್ ಆಗುವ ಮೊದಲು ಹನ್ನೆರಡು ವರ್ಷ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಹಾಕುವ ಕೋಣೆಯಲ್ಲಿ ನರ್ಸಾಗಿದ್ದವಳು ನಾನು. ಇಂಥದ್ದನ್ನು ನಾಲ್ಕು ಸಲ ನೋಡಿದ್ದೆ. ನಾಲ್ವರಲ್ಲಿ ಒಬ್ಬರೂ ಉಳಿದಿರಲಿಲ್ಲ.

“ಅದು ಮುಳ್ಳಲ್ಲ, ಅಲ್ವಾ ಅಕ್ಕ?”

“ಕೆಂಚಿ,” ಎಂದಳು. “ಬೀನ್ಸ್ ಬಳ್ಳಿಗೆ ಕಟ್ಟಿದ್ದ ಬಲೆಗೆ ಸಿಕ್ಕಿಹಾಕ್ಕೊಂಡಿತ್ತು. ನಡುಮಧ್ಯಾಹ್ನ. ಬಿಡಿಸ್ಕೊಳ್ಳೋ ಶಕ್ತೀನೂ ಇರಲಿಲ್ಲ ಅದಕ್ಕೆ. ಹಸಿವಿಗೆ ಹಾಗಾಗಿದೆ ಅಂದ್ಕೊಂಡ್ವಿ. ಅಲ್ಲಿದ್ದೋರು ಹಿಡ್ಕೊಂಡ್ರು, ನಾನು ಕತ್ತರೀಲಿ ಬಲೆ ಕತ್ತರಿಸ್ದೆ. ಕೊನೇ ಎಳೇಲಿ ಕಚ್ತು.”

“ಸೋಪಲ್ಲಿ ತೊಳ್ದ್ಯಾ?”

“ನೀರಲ್ಲಿ ತೊಳ್ದೆ. ನಾಯಿಯಲ್ಲವಲ್ಲ ಅಂದ್ಕೊಂಡೆ. ಹುಚ್ಚುನಾಯಿ ಕಚ್ಚಿದ್ರೆ ತಾನೇ ಅದು?”

ನನ್ನ ವಾರ್ಡಿನ ಪ್ರತಿ ಗೋಡೆಗೂ ನಾನು ಅಂಟಿಸಿದ ಎಚ್ಚರಿಕೆಯ ಹಾಳೆಯಲ್ಲಿ ನಾಯಿಯ ಚಿತ್ರ ಮಾತ್ರ ಇದೆ. ನಾಲಗೆ ಚಾಚಿದ, ಕೆಂಪು ಕಣ್ಣಿನ ನಾಯಿ. ಶಾಲೆ ಶಾಲೆಗೆ ಹೋಗಿ ಭಾಷಣ ಮಾಡಿದ ನಾನು ಒಡಹುಟ್ಟಿದವಳಿಗೆ ಇಷ್ಟು ಹೇಳಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಅಕ್ಕನನ್ನು ಕತ್ತಲೆ ಮಾಡಿದ ಒಂಟಿ ಕೋಣೆಗೆ ಹಾಕಿಸಿ, ನನ್ನನ್ನು ಹೊರಗೆ ಕರೆದು, “ಮೇಡಂ, ನಿಮಗೆ ನಾನು ಹೇಳಬೇಕಾಗಿಲ್ಲ,” ಎಂದು ಅಲ್ಲಿಗೇ ನಿಲ್ಲಿಸಿದರು. ನಿದ್ದೆ ಬರುವ ಔಷಧ ಕೊಡುವುದು ಬಿಟ್ಟು ಅವರ ಕೈಲಿ ಏನೂ ಇರಲಿಲ್ಲ. ಕಚ್ಚಿದ ದಿನವೇ ಸೂಜಿ ಹಾಕಿಸಿದ್ದರೆ ಅಕ್ಕ ಅವತ್ತು ಸಂಜೆ ಮನೆಗೆ ಹೋಗಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು.

ಔಷಧದ ನಡುವೆ ಆಗಾಗ ತಿಳಿಯಾಗುತ್ತಿದ್ದಳು. ಅಂಥ ಹೊತ್ತಿನಲ್ಲಿ ನಾನು ಬೈದೆ. ಹೌದು, ಸಾಯುತ್ತಿದ್ದವಳನ್ನು ಬೈದೆ. “ನನಗೊಂದು ಮಾತು ಹೇಳಬಾರದಿತ್ತೇನೇ? ನಾನೇನು ಹೊರಗಿನವಳಾ?”

“ಮೂರನೇದು ನಂದಾಗ್ತಿತ್ತು,” ಎಂದಳು ಅಕ್ಕ. “ಬೀಗ ಹಾಕೋಳು ನೀನಾಗ್ತಿದ್ದೆ. ನನ್ನಿಂದಾಗಿ ನೀನು ನಲವತ್ತು ಮನೆಯವರ ಬಾಯಿಗೆ ಬೀಳಬೇಕಾಗಿತ್ತು. ಒಂದು ಗಾಯಕ್ಕೆ ಇದೆಲ್ಲ ಯಾಕೆ ಅಂತ.” ಉಗುಳು ನುಂಗಲಾಗದೆ ಸ್ವಲ್ಪ ಒದ್ದಾಡಿದಳು. ನಾನು ಕೈಗವಸು ಹಾಕಿದ ಕೈಯಿಂದ ಒರೆಸಿದೆ. “ಕೆಂಚಿ ನಾಲ್ಕು ದಿನಕ್ಕೆ ಗುಂಡಿ ಹಿಂದೆ ಸತ್ತು ಬಿದ್ದಿತ್ತು. ಹೂತುಬಿಟ್ವಿ. ಅದನ್ನೂ ಬರೀಬೇಕಾಗಿತ್ತಲ್ಲ.”

“ಅವತ್ತು ನರಿ ಹಿಡ್ಕೊಂಡೋರು ಯಾರ್ಯಾರು?”

“ಪುಸ್ತಕ ನೋಡು,” ಎಂದಳು. “ಮುಳ್ಳು ಅಂತ ಬರ್ದೋರನ್ನೆಲ್ಲ ಕರಿ. ಅಲ್ಲಿ ಯಾರಿಗೆ ಏನು ಕಚ್ಚಿದ್ರೂ ಮುಳ್ಳು ಅಂತಾನೇ ಬರ್ಯೋದು.”

ಮಾರನೆಯ ಬೆಳಿಗ್ಗೆ ಶೆಡ್ಡಿನಲ್ಲಿ ನಿಂತು ಹಾಳೆ ತಿರುವಿದೆ. ಗುಲಾಬಿ ಮುಳ್ಳು, ನಿಂಬೆ ಮುಳ್ಳು, ಬೇಲಿ ಮುಳ್ಳು, ಬರೀ ಮುಳ್ಳು. ಅಕ್ಕನದು ಬಿಟ್ಟು ಹನ್ನೊಂದು. ತೋಟದಲ್ಲಿ ನಿಂಬೆ ಗಿಡವೇ ಇರಲಿಲ್ಲ. ಒಂದೊಂದರ ಪಕ್ಕದಲ್ಲೂ ನನ್ನ ಹಸಿರು ಸಹಿ.

ಎಲ್ಲರನ್ನೂ ತೊಟ್ಟಿಯ ಹತ್ತಿರ ಸೇರಿಸಿದೆ. ನನ್ನ ಅಕ್ಕ ಸಾಯುತ್ತಿದ್ದಾಳೆ ಎಂದೆ. ಯಾವುದರಿಂದ, ಹೇಗೆ, ನೀರು ಕಂಡರೆ ಏನಾಗುತ್ತಿದೆ, ಒಂದನ್ನೂ ಬಚ್ಚಿಡಲಿಲ್ಲ. ಇನ್ನೂ ಹೊತ್ತು ಮೀರಿಲ್ಲ, ನಿಮಗೆ ಇನ್ನೂ ಏನೂ ಕಾಣಿಸಿಕೊಂಡಿಲ್ಲ, ಇವತ್ತೇ ಸೂಜಿ ಹಾಕಿಸಿಕೊಂಡರೆ ಉಳಿಯುತ್ತೀರಿ ಎಂದೆ. ಕೆಲವರು ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡರು. ಕೊನೆಗೆ ಮೇಷ್ಟ್ರು ಕೇಳಿದರು:

“ತೋಟ?”

“ತೋಟ ಮುಚ್ಚಲ್ಲ ಮೇಷ್ಟ್ರೇ. ನನ್ನ ಮಾತು.”

ಮಾತು ಕೊಡಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಆದರೂ ಕೊಟ್ಟೆ. ಮೊದಲು ಮೇಷ್ಟ್ರು ಅಂಗಿಯ ತೋಳು ಮಡಚಿದರು, ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರು. ನರಿಯನ್ನು ಹಿಡಿದುಕೊಂಡವರು ಐದು ಜನ, ಐವರನ್ನೂ ಅದು ಪರಚಿತ್ತು. ಒಬ್ಬಾಕೆಯನ್ನು ಬೆಕ್ಕು ಪರಚಿತ್ತು, ಇನ್ನೊಬ್ಬನಿಗೆ ಹೆಗ್ಗಣ ಕಚ್ಚಿತ್ತು. ಉಳಿದ ನಾಲ್ವರು ತಮಗೆ ನಿಜವಾಗಿಯೂ ಮುಳ್ಳೇ ಚುಚ್ಚಿದ್ದು ಎಂದು ಆಣೆ ಹಾಕಿದರು. ಒಂದು ವರ್ಷ ಎಲ್ಲರೂ ಸೇರಿ ಹೇಳಿದ ಸುಳ್ಳಿನಲ್ಲಿ ನಿಜ ಯಾವುದೆಂದು ಬಿಡಿಸುವುದು ಹೇಗೆ? ಹನ್ನೊಂದೂ ಜನರನ್ನು ಕರೆದುಕೊಂಡು ಹೋದೆ. ಮೊದಲ ದಿನ ಒಂದು ಸೂಜಿ, ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ, ಇಪ್ಪತ್ತೆಂಟನೇ ದಿನ ಒಂದೊಂದು. ಒಂದನ್ನೂ ಬಿಡುವಂತಿಲ್ಲ ಎಂದು ಒಬ್ಬೊಬ್ಬರ ಕೈಗೂ ಚೀಟಿ ಕೊಟ್ಟೆ.

ಅಕ್ಕ ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಹೋದಳು. ಬೆಳಿಗ್ಗೆ ಹತ್ತೂವರೆಗೆ. ಕೊನೆಯ ದಿನ ನನ್ನ ಗುರುತು ಹಿಡಿಯಲಿಲ್ಲ, ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಮಡಚುತ್ತ, ಮಡಚುತ್ತ ಇದ್ದವು. ಅವಳ ಕೋಣೆಗೆ ಹೋಗಿ ಯಂತ್ರದ ಮೇಲಿದ್ದ ಅರ್ಧ ಹೊಲಿದ ಬಟ್ಟೆಗಳನ್ನು ಅವರವರ ಮನೆಗೆ ಮುಟ್ಟಿಸಿ ಬಂದೆ. ಅತ್ತೆನೋ ಇಲ್ಲವೋ ನೆನಪಿಲ್ಲ.

ಈ ರೋಗದ ಸಾವನ್ನು ವರದಿ ಮಾಡದೆ ಇರುವಂತಿಲ್ಲ. ಎಲ್ಲಿ ತಗುಲಿತು, ಯಾರ್ಯಾರಿಗೆ ಸೂಜಿ ಹಾಕಲಾಯಿತು, ಎಲ್ಲವನ್ನೂ ಬರೆದೆ. ಜೊತೆಗೆ, ತೋಟ ಮುಚ್ಚಬೇಡಿ, ಕಾನೂನೇ ತಪ್ಪು, ತಪ್ಪು ನನ್ನದು ಎಂದು ಬೇರೆ ಹಾಳೆಯಲ್ಲಿ ಬೇಡಿಕೊಂಡೆ. ಹಿರಿಯ ಅಧಿಕಾರಿ ಎರಡನ್ನೂ ಓದಿ ಕನ್ನಡಕ ತೆಗೆದಿಟ್ಟರು.

“ನೀವೇ ಬರೆದ ಆದೇಶ ಅಲ್ವೇನಮ್ಮ? ಮೂರಕ್ಕೇ ಬೀಗ ಅಂದಿದ್ದೀರಿ. ಇಲ್ಲಿ ಎಷ್ಟಿದೆ ನೋಡಿ.”

“ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗಾಗುತ್ತೆ ಸರ್. ಇನ್ನು ಮುಂದೆ ಒಬ್ಬರೂ ಬಾಯಿ ಬಿಡಲ್ಲ.”

“ಒಬ್ಬರು ಸತ್ತಿದ್ದಾರೆ. ನಾಳೆ ಇನ್ನೊಬ್ಬರು ಸತ್ತರೆ ಜನ ನನ್ನನ್ನ ಕೇಳ್ತಾರೆ,” ಎಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ.

ಮೊದಲ ಸೂಜಿ ಹಾಕಿದ ಹತ್ತನೆಯ ದಿನ ತೋಟಕ್ಕೆ ಬೀಗ ಬಿತ್ತು. ವಿಷದ ಉಂಡೆ ಇಟ್ಟರು. ಬೇಲಿಯ ಆಚೆ ನಿಂತು ಜನ ನೋಡುತ್ತಿದ್ದರು. ಕಾಯಿ ಬಿಟ್ಟಿದ್ದ ಟೊಮೇಟೊ ಕೊಯ್ದುಕೊಳ್ಳಲೂ ಬಿಡಲಿಲ್ಲ. ಎರಡು ದಿನ ಕಳೆದು ಹೋದಾಗ ತೊಟ್ಟಿಯ ಪಕ್ಕ ಎರಡು ಮೈನಾ, ಒಂದು ಬೆಕ್ಕು ಬಿದ್ದಿದ್ದವು. ಶೆಡ್ಡಿನ ಗೋಡೆಯ ಚಿತ್ರಗಳನ್ನು ಮೇಷ್ಟ್ರು ಮೊದಲೇ ಬಿಡಿಸಿಕೊಂಡು ಹೋಗಿದ್ದರು.

ಹದಿನಾಲ್ಕನೆಯ ದಿನ ಲಸಿಕೆಯ ಕೋಣೆಗೆ ಹನ್ನೊಂದರಲ್ಲಿ ಮೂವರು ಬಂದರು. ಹನ್ನೆರಡು ಗಂಟೆಯವರೆಗೆ ಬಾಗಿಲಲ್ಲಿ ನಿಂತು ಕಾದೆ. ಆಮೇಲೆ ಎಂಟು ಸೀಸೆಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಹೆಗಲಿಗೆ ಹಾಕಿಕೊಂಡು ಹೊರಟೆ. ಒಬ್ಬಾಕೆ ಬಾಗಿಲು ತೆರೆದವಳೇ, “ಮಾತು ಕೊಡ್ತಾಳಂತೆ ಮಾತು, ನಾಚಿಕೆ ಆಗಲ್ವಾ” ಎಂದು ಬೀದಿಗೆಲ್ಲ ಕೇಳುವ ಹಾಗೆ ಬೈದು, ಬೈಯುತ್ತಲೇ ತೋಳು ಒಡ್ಡಿದಳು. ಒಬ್ಬ ಏನೂ ಮಾತಾಡದೆ ಹಾಕಿಸಿಕೊಂಡ. ಇನ್ನೊಬ್ಬನಿಗಾಗಿ ಅವನು ಕೆಲಸ ಮಾಡುವ ಗ್ಯಾರೇಜಿಗೆ ಹೋಗಿ, ಕಾರಿನ ಕೆಳಗೆ ಮಲಗಿದ್ದವನನ್ನು ಎಬ್ಬಿಸಿದೆ. ನಾಲ್ಕು ಗಂಟೆಯ ಹೊತ್ತಿಗೆ ಏಳು ಮುಗಿದವು. ಉಳಿದದ್ದು ಒಂದು.

ಮೇಷ್ಟ್ರ ಮನೆ ನೆಲಮಹಡಿಯಲ್ಲಿ. ಬಾಗಿಲು ಬಡಿದೆ, ಕೂಗಿದೆ. ಒಳಗೆ ಕುರ್ಚಿ ಸರಿದ ಸದ್ದಾಯಿತು, ಬಾಗಿಲು ತೆರೆಯಲಿಲ್ಲ.

“ಮೇಷ್ಟ್ರೇ, ಬೈಯೋದಿದ್ರೆ ಬೈದುಬಿಡಿ. ಆದರೆ ಸೂಜಿ ಹಾಕಿಸ್ಕೊಳ್ಳಿ. ನೀವು ಕೆಂಚಿ ಕತ್ತು ಹಿಡ್ಕೊಂಡಿದ್ರಂತೆ, ಕೈಯೆಲ್ಲ ಜೊಲ್ಲಾಗಿತ್ತಂತೆ. ಅರ್ಧಕ್ಕೆ ಬಿಟ್ರೆ ಹಾಕಿದ ಮೂರೂ ದಂಡ.”

ಮೆಟ್ಟಿಲ ಮೇಲೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಮಂಜು ಕರಗಿ ಸೀರೆ ಒದ್ದೆಯಾಗುತ್ತಿತ್ತು. ಸಿಟ್ಟು ಇರಲಿ, ಇಷ್ಟೊಂದು ಹಟವೇ ಎಂದುಕೊಂಡೆ. ಸುಮಾರು ಹೊತ್ತಾದ ಮೇಲೆ ಪಕ್ಕದ ಕಿಟಕಿಯ ಒಂದು ರೆಕ್ಕೆ ತೆರೆಯಿತು. ಮುಖ ಕಾಣಲಿಲ್ಲ. ಒಳಗೆ ಗೋಡೆಗೆ ಒರಗಿ ನಿಂತಿದ್ದರು.

“ನಿಮಗೆ ಬಾಗಿಲು ತೆಗೆಯೋ ಮುಖ ಇಲ್ಲ ನನಗೆ,” ಎಂದರು. “ತೋಟಕ್ಕಲ್ಲ, ತೋಟ ಹೋಗ್ಲಿ. ಕಚ್ಚಿದ ದಿನ ನಿಮ್ಮಕ್ಕ ಪುಸ್ತಕ ಕೈಯಲ್ಲಿ ಹಿಡ್ಕೊಂಡು ನಿಂತಿದ್ರು. ‘ಮೇಷ್ಟ್ರೇ, ನನ್ನ ತಂಗಿಗೆ ಹೇಳಿಬಿಡ್ಲಾ, ಅವಳಿಗೆ ಇದೆಲ್ಲ ಗೊತ್ತು’ ಅಂತ ಕೇಳಿದ್ರು. ಬೇಡ ಅಂದೋನು ನಾನು. ಮುಳ್ಳು ಅಂತ ಬರೀರಿ ಅಂತ ಪೆನ್ನು ಕೊಟ್ಟೋನೂ ನಾನೇ.”

ನಾನು ಎದ್ದು ನಿಂತೆ. ಅಕ್ಕ ಕೇಳಿದ್ದಳು. ನನ್ನ ಹತ್ತಿರ ಬರಬೇಕೆಂದಿದ್ದಳು. ಆ ಗಳಿಗೆಯಲ್ಲಿ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋಗಬೇಕು, ಈ ಮನುಷ್ಯನಿಗೂ ನೀರಿನ ಲೋಟ ಕಂಡು ಗಂಟಲು ಹಿಡಿಯಲಿ ಎನ್ನಿಸಿತು. ನಿಜವಾಗಿಯೂ ಎನ್ನಿಸಿತು. ಎರಡು ಹೆಜ್ಜೆ ಇಟ್ಟೂ ಇದ್ದೆ. ಆಮೇಲೆ, ಅಕ್ಕ ನನ್ನನ್ನು ಕೇಳದೆ ಮೇಷ್ಟ್ರನ್ನು ಯಾಕೆ ಕೇಳಬೇಕಾಯಿತು ಎಂಬುದೂ ನೆನಪಾಯಿತು. ಹೆದರಿಕೆ ಹುಟ್ಟಿಸಿದವಳು ನಾನು, ಅವರು ಪೆನ್ನು ಕೊಟ್ಟಿದ್ದರು ಅಷ್ಟೆ.

ತಿರುಗಿ ಬಂದೆ. ಸೀಸೆ ತೆಗೆದು ಸಿರಿಂಜಿಗೆ ಔಷಧ ಎಳೆದೆ.

“ಭುಜ ಸರಳಿಗೆ ಒತ್ತಿ ನಿಲ್ಲಿ.”

ಅಂಗಿ ಸರಿಯುವ ಸದ್ದು ಕೇಳಿತು. ಎರಡು ಸರಳುಗಳ ನಡುವೆ ಬಿಳಿ ಕೂದಲಿನ, ಸಡಿಲ ಚರ್ಮದ ತೋಳು ಬಂತು. ಒರೆಸಿ, ಚುಚ್ಚಿದೆ. ತೋಳು ನಡುಗುತ್ತಿತ್ತು, ಸೂಜಿಗಲ್ಲ, ಒಳಗೆ ಅವರು ಸದ್ದಿಲ್ಲದೆ ಅಳುತ್ತಿದ್ದರು. ಹತ್ತಿ ಒತ್ತಿ ಹಿಡಿದೆ, ರಕ್ತ ನಿಂತ ಮೇಲೂ ಸ್ವಲ್ಪ ಹೊತ್ತು ಹಿಡಿದೇ ಇದ್ದೆ.

“ಇಪ್ಪತ್ತೆಂಟನೇ ದಿನಕ್ಕೆ ಇನ್ನೊಂದಿದೆ ಮೇಷ್ಟ್ರೇ,” ಎಂದೆ. “ನೀವು ಬರೋದು ಬೇಡ. ನಾನೇ ಬಂದು ಹಾಕ್ತೀನಿ.”